ಕನಸಿನ ಹನ್ನೆರಡು ಬಾಗಿಲು, ಕೋಣೆಯ ಒಂದು ಬಾಗಿಲು



ಒಂದು ಸಂಜೆ ನಿಮ್ಮ ಮಗಳು ಗಣಕಯಂತ್ರದ ಮುಂದೆ ಕುಳಿತು ಆಡುತ್ತಿರುವ ಆಟವನ್ನು ನೀವು ಹಿಂದೆ ನಿಂತು ನೋಡುತ್ತಿದ್ದೀರಿ ಎಂದು ಭಾವಿಸಿಕೊಳ್ಳಿ. ಪರದೆಯ ಮೇಲೆ ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಕತ್ತಲ ಬಯಲಿನಲ್ಲಿ ನಡೆಯುತ್ತಿದ್ದಾಳೆ. ಸಣ್ಣದೊಂದು ರಾಗ ಮತ್ತೆ ಮತ್ತೆ ಅದೇ ಅದೇ ಆಗಿ ಕೇಳಿಬರುತ್ತಿದೆ. ಹತ್ತು ನಿಮಿಷ ಕಳೆದರೂ ಹುಡುಗಿ ನಡೆಯುತ್ತಲೇ ಇದ್ದಾಳೆ. ನೀವು ತಾಳಲಾರದೆ ಕೇಳುತ್ತೀರಿ: "ಇದರಲ್ಲಿ ಗೆಲ್ಲುವುದು ಹೇಗಮ್ಮಾ?" ಮಗಳು ತಿರುಗಿ ನೋಡದೆಯೇ ಹೇಳುತ್ತಾಳೆ: "ಗೆಲ್ಲೋದು ಅಂತ ಏನೂ ಇಲ್ಲಪ್ಪ. ಸುಮ್ಮನೆ ನಡೀತಾ ಇರೋದು."

ಗೆಲ್ಲುವ ಆಟವಾದರೆ ನಮಗೆ ಅರ್ಥವಾಗುತ್ತದೆ. ಅದು ಕಾಲಹರಣವೆಂದು ಗದರಿಸುವುದಕ್ಕೂ ನಮಗೆ ಮಾತುಗಳಿವೆ. ಆದರೆ ಗೆಲುವೂ ಇಲ್ಲದ, ಕಥೆಯೂ ಇಲ್ಲದ, ಯಾರದೋ ಕನಸಿನೊಳಗೆ ಗುರಿಯಿಲ್ಲದೆ ಅಲೆಯುವ ಆಟದ ಮುಂದೆ ನಮ್ಮ ಮಾತು ತಡವರಿಸುತ್ತದೆ. ಇಂತಹ ಆಟಗಳು ಇಂದು ಹಲವಾರಿವೆ. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ ಒಬ್ಬಿಬ್ಬರೇ ಕುಳಿತು ರೂಪಿಸುವ ಇಂತಹವುಗಳಿಗೆ 'ಇಂಡೀ' ಆಟಗಳೆಂದು ಹೆಸರು. ಗುರಿಯಿಲ್ಲದ ಈ ಅಲೆದಾಟ ಯುವಮನಸ್ಸುಗಳನ್ನು ಏಕೆ ಸೆಳೆಯುತ್ತದೆ? ಅದು ಬದುಕಿನಿಂದ ತಪ್ಪಿಸಿಕೊಳ್ಳುವುದೇ ಅಥವಾ ಮನುಷ್ಯನಿಗೆ ಬೇಕಾದ ಯಾವುದೋ ವಿಶ್ರಾಂತಿಯೇ? ಈ ಪ್ರಶ್ನೆಯನ್ನು ತುಸು ತಾಳ್ಮೆಯಿಂದ ನೋಡೋಣ.

ಈ ಬಗೆಯ ಆಟದ ಬೇರು ಜಪಾನಿನಲ್ಲಿದೆ. 1998ರಲ್ಲಿ ಒಸಾಮು ಸಾಟೊ ಎಂಬ ಕಲಾವಿದರು ಪ್ಲೇಸ್ಟೇಷನ್ ಯಂತ್ರಕ್ಕಾಗಿ 'ಎಲ್‌ಎಸ್‌ಡಿ' ಎಂಬ ಆಟವನ್ನು ರೂಪಿಸಿದರು. ಅದಕ್ಕೆ ಆಧಾರವಾದದ್ದು ಕಥೆಯಲ್ಲ, ಒಂದು ದಿನಚರಿ. ಹಿರೋಕೊ ನಿಶಿಕಾವಾ ಎಂಬವರು ಸುಮಾರು ಹತ್ತು ವರ್ಷಗಳ ಕಾಲ ತಾವು ಕಂಡ ಕನಸುಗಳನ್ನು ಬರೆದಿಟ್ಟಿದ್ದರು. ಆಟಗಾರ ಆ ಕನಸುಗಳ ಲೋಕದಲ್ಲಿ ನಡೆಯುತ್ತಾನೆ. ಗೋಡೆಗೆ ತಾಗಿದರೆ ಸಾಕು, ಇನ್ನೊಂದು ಲೋಕಕ್ಕೆ ಜಾರುತ್ತಾನೆ. ಒಂದೊಂದು ಕನಸಿಗೆ ಹೆಚ್ಚೆಂದರೆ ಹತ್ತು ನಿಮಿಷ. ಆಮೇಲೆ ಎಚ್ಚರ, ಮತ್ತೆ ಮರುದಿನದ ಕನಸು.

ಆರು ವರ್ಷಗಳ ನಂತರ, 2004ರಲ್ಲಿ, ಕಿಕಿಯಾಮಾ ಎಂಬ ಗುಪ್ತನಾಮದ ವ್ಯಕ್ತಿಯೊಬ್ಬರು 'ಯುಮೆ ನಿಕ್ಕಿ' ಎಂಬ ಆಟವನ್ನು ಯಾರು ಬೇಕಾದರೂ ಆಡಲೆಂದು ಉಚಿತವಾಗಿ ನೀಡಿದರು. ಆ ಹೆಸರಿಗೆ 'ಕನಸಿನ ದಿನಚರಿ' ಎಂದರ್ಥ. ಹವ್ಯಾಸಿಗಳಿಗೆಂದೇ ಇರುವ ಸರಳ ತಂತ್ರಾಂಶವೊಂದರಲ್ಲಿ ಒಬ್ಬರೇ ಅದನ್ನು ರಚಿಸಿದರು. ಆ ವ್ಯಕ್ತಿ ಯಾರೆಂಬುದು ಇಂದಿಗೂ ಸಾರ್ವಜನಿಕರಿಗೆ ತಿಳಿದಿಲ್ಲ. ಆದರೂ ಆ ಪುಟ್ಟ ಆಟ ಭಾಷೆಯಿಂದ ಭಾಷೆಗೆ, ದೇಶದಿಂದ ದೇಶಕ್ಕೆ ಹರಡಿ, ಅದರ ಅಭಿಮಾನಿಗಳಿಂದಲೇ ಅಂತಹ ಇನ್ನೂ ಎಷ್ಟೋ ಕನಸಿನ ಆಟಗಳು ಹುಟ್ಟುವುದಕ್ಕೆ ಕಾರಣವಾಯಿತು.

ಅದರ ಹುಡುಗಿಯ ಹೆಸರು ಮಾದೊತ್ಸುಕಿ. 'ಕಿಟಕಿಯುಳ್ಳವಳು' ಎಂಬುದು ಆ ಹೆಸರಿನ ಅರ್ಥ. ಆಕೆಯ ಕೋಣೆಯಲ್ಲಿ ಒಂದು ಹಾಸಿಗೆ, ಒಂದು ಮೇಜು, ಒಂದು ದೂರದರ್ಶನ ಪೆಟ್ಟಿಗೆ, ಹೊರಗೆ ಹೋಗಲು ಒಂದು ಬಾಗಿಲು ಇವೆ. ಆ ಬಾಗಿಲ ಬಳಿಗೆ ಕರೆದೊಯ್ದರೆ ಹುಡುಗಿ ತಲೆ ಅಲ್ಲಾಡಿಸಿ 'ಒಲ್ಲೆ' ಎನ್ನುತ್ತಾಳೆ. ಉಳಿದಿರುವುದು ನಿದ್ರೆಯೊಂದೇ. ನಿದ್ರಿಸಿದರೆ ಕನಸಿನಲ್ಲಿ ಅದೇ ಕೋಣೆಯ ಬಾಗಿಲು ತೆರೆಯುತ್ತದೆ. ಅದರಾಚೆಗೆ ವೃತ್ತಾಕಾರವಾಗಿ ನಿಂತ ಹನ್ನೆರಡು ಬಾಗಿಲುಗಳು. ಒಂದರ ಹಿಂದೆ ಹಿಮದ ನಾಡು, ಇನ್ನೊಂದರ ಹಿಂದೆ ಅಂಕಿಗಳ ಲೋಕ, ಮತ್ತೊಂದರ ಹಿಂದೆ ಕಣ್ಣುಗಳೇ ತುಂಬಿದ ಬಯಲು. ಅಲ್ಲಿರುವವರು ಯಾರೂ ಮಾತನಾಡುವುದಿಲ್ಲ. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಸೈಕಲ್ಲು, ಕೊಡೆ, ಬೆಕ್ಕಿನ ಕಿವಿ, ಚಾಕು ಮುಂತಾದ 24 ವಸ್ತುಗಳು ಮತ್ತು ರೂಪಗಳು ಅಲ್ಲಲ್ಲಿ ದೊರಕುತ್ತವೆ, ಅಷ್ಟೆ. ಹುಡುಗಿ ತನ್ನ ಕೆನ್ನೆಯನ್ನು ಚಿವುಟಿಕೊಂಡರೆ ಎಚ್ಚರವಾಗುತ್ತದೆ.

ಇದರಲ್ಲಿ ಆಕರ್ಷಣೆ ಏನು? ನಮ್ಮ ಮಕ್ಕಳ ದಿನವನ್ನು ಒಮ್ಮೆ ಎಣಿಸಿ ನೋಡಿ. ಶಾಲೆಯಲ್ಲಿ ಅಂಕ, ಮನೆಪಾಠದಲ್ಲಿ ಅಂಕ, ಪ್ರವೇಶ ಪರೀಕ್ಷೆಯಲ್ಲಿ ಶ್ರೇಣಿ. ಹಾಡುವುದು ಸ್ಪರ್ಧೆಗಾಗಿ, ಚಿತ್ರ ಬರೆಯುವುದು ಪ್ರಮಾಣಪತ್ರಕ್ಕಾಗಿ. ದಣಿವಾರಿಸಿಕೊಳ್ಳಲು ಆಡುವ ಬಹುಪಾಲು ಆಟಗಳಲ್ಲೂ ಮತ್ತೆ ಅಂಕ, ಮತ್ತೆ ಮೇಲಿನ ಹಂತ. ಇವೆಲ್ಲದರ ನಡುವೆ 'ನೀನು ಇಲ್ಲಿ ಸುಮ್ಮನೆ ಇರಬಹುದು, ನಿನ್ನನ್ನು ಯಾರೂ ಅಳೆಯುವುದಿಲ್ಲ' ಎನ್ನುವ ಒಂದು ಜಾಗ ಕಂಡರೆ ಮನಸ್ಸು ಅಲ್ಲಿಗೆ ಹೋಗದೆ ಇರುತ್ತದೆಯೇ?

ಜರ್ಮನಿಯ ಧರ್ಮಶಾಸ್ತ್ರಜ್ಞ ರೊಮಾನೊ ಗುವಾರ್ದೀನಿಯವರು 1918ರಲ್ಲಿ ದೈವಾರಾಧನೆಯ ಕುರಿತು ಬರೆದ ಕೃತಿಯಲ್ಲಿ ಇಲ್ಲಿ ನಮಗೆ ನೆರವಾಗುವ ಒಂದು ವ್ಯತ್ಯಾಸವನ್ನು ಗುರುತಿಸುತ್ತಾರೆ. ಉಪಯೋಗ ಬೇರೆ, ಅರ್ಥ ಬೇರೆ. ಯಂತ್ರಕ್ಕೆ ಉಪಯೋಗವಿದೆ. ಮಗುವಿನ ಆಟಕ್ಕೆ ಉಪಯೋಗವಿಲ್ಲದಿದ್ದರೂ ಅರ್ಥವಿದೆ. ಆರಾಧನೆಯೂ ಈ ವಿಷಯದಲ್ಲಿ ಆಟದ ಹಾಗೆಯೇ ಎಂಬುದು ಅವರ ವಾದ. ನಾವು ಬಲಿಪೂಜೆಗೆ ಹೋಗುವುದು ಏನನ್ನೋ ತಯಾರಿಸುವುದಕ್ಕಲ್ಲ, ದೇವರ ಸನ್ನಿಧಿಯಲ್ಲಿ ಇರುವುದಕ್ಕೆ. ಗಣಕದ ಆಟವನ್ನು ಆರಾಧನೆಯ ಸಾಲಿಗೆ ಏರಿಸುವುದು ನನ್ನ ಉದ್ದೇಶವಲ್ಲ. ಆದರೆ ಉಪಯೋಗವಿಲ್ಲದ್ದೆಲ್ಲ ವ್ಯರ್ಥವೆಂಬ ಅಳತೆಗೋಲನ್ನು ಮಗುವಿನ ಆಟಕ್ಕೆ ಹಿಡಿದವರು ನಾಳೆ ಅದನ್ನೇ ಪ್ರಾರ್ಥನೆಗೂ ಹಿಡಿಯಬಹುದು. ಸುಮ್ಮನೆ ನಡೆಯಬೇಕೆನ್ನುವ ಹಂಬಲ ಸೋಮಾರಿತನವಲ್ಲ. ಅದು ದಣಿದ ಮನಸ್ಸಿನ ನ್ಯಾಯವಾದ ಬೇಡಿಕೆ.

ಹಾಗೆಂದು ಗುರಿಯಿಲ್ಲದ ಲೋಕದಲ್ಲಿ ನೀತಿಯ ಪ್ರಶ್ನೆಯೇ ಇಲ್ಲವೆಂದಲ್ಲ. ಸಂತ ಅಗಸ್ಟೀನರು ತಮ್ಮ 'ಅರಿಕೆಗಳು' ಕೃತಿಯ ಹತ್ತನೆಯ ಭಾಗದಲ್ಲಿ ಕನಸಿನ ವಿಷಯವಾಗಿ ತೀವ್ರವಾಗಿ ಚಿಂತಿಸುತ್ತಾರೆ. ಎಚ್ಚರದಲ್ಲಿ ತಾವು ಒಪ್ಪದ ಸಂಗತಿಗಳಿಗೆ ನಿದ್ರೆಯಲ್ಲಿ ಮನಸ್ಸು ಒಪ್ಪಿಬಿಡುತ್ತದಲ್ಲ, ಹಾಗಾದರೆ ಆಗ ನಾನು ನಾನಲ್ಲವೇ ಎಂಬುದು ಅವರ ಕಳವಳ. ಎಚ್ಚರವಾದಾಗ ಅಂತಃಸಾಕ್ಷಿಗೆ ಶಾಂತಿ ಮರಳುತ್ತದೆ, ಏಕೆಂದರೆ ಅದನ್ನು ತಾವು ಮಾಡಲಿಲ್ಲ, ತಮ್ಮೊಳಗೆ ಅದು ನಡೆದುಹೋಯಿತು ಎಂದು ಅವರು ಕಂಡುಕೊಳ್ಳುತ್ತಾರೆ.

ಕನಸಿನ ಆಟದಲ್ಲಿ ಈ ಸಮಾಧಾನ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕನಸು ಇನ್ನೊಬ್ಬರದು, ಆದರೆ ನಡೆಯುವವರು ನಾವು, ಅದೂ ಎಚ್ಚರದಲ್ಲಿ. 'ಯುಮೆ ನಿಕ್ಕಿ'ಯಲ್ಲಿ ಚಾಕು ಕೈಗೆ ಬಂದ ಮೇಲೆ ಆ ಮೂಕಜೀವಿಗಳನ್ನು ಇರಿಯಬಹುದು. ಇರಿ ಎಂದು ಆಟ ಹೇಳುವುದಿಲ್ಲ, ಬೇಡವೆಂದೂ ಹೇಳುವುದಿಲ್ಲ. ಕೆಲವರು ಕುತೂಹಲಕ್ಕೆ ಒಮ್ಮೆ ಇರಿದು ನೋಡುತ್ತಾರೆ. ಕೆಲವರು ಚಾಕುವನ್ನು ಬಳಸುವುದೇ ಇಲ್ಲ, ಬೆಕ್ಕಿನ ರೂಪ ಧರಿಸಿ ಆ ಜೀವಿಗಳನ್ನು ಹತ್ತಿರಕ್ಕೆ ಕರೆಯುತ್ತಾರೆ. ಚಿತ್ರದ ಬೊಂಬೆಗೆ ನೋವಾಗುವುದಿಲ್ಲ, ನಿಜ. ಆದರೆ ಬಹುಮಾನದ ಆಸೆ, ದಂಡನೆಯ ಭಯ, ನೋಡುವವರ ಕಣ್ಣು ಇವು ಮೂರೂ ಇಲ್ಲದ ಜಾಗದಲ್ಲಿ ನನ್ನ ಕೈ ಯಾವುದರತ್ತ ಚಾಚಿತು ಎಂಬುದು ನನ್ನ ಬಗ್ಗೆ ನನಗೆ ಏನನ್ನೋ ತಿಳಿಸುತ್ತದೆ. ಒಳ್ಳೆಯ ಅಂತಃಸಾಕ್ಷಿಯ ಪರಿಶೀಲನೆಗೆ ಇಷ್ಟು ಸಣ್ಣ ಸಂಗತಿಯೂ ಸಾಕು.

ಇನ್ನು ಈ ಆಟದ ಅತ್ಯಂತ ಗಂಭೀರವಾದ ಭಾಗಕ್ಕೆ ಬರೋಣ. ಆ ಹುಡುಗಿಯ ಸ್ಥಿತಿಯನ್ನು ಗಮನಿಸಿ ನೋಡಿ. ಕನಸಿನಿಂದ ಹೊರಬರುವುದು ಆಕೆಗೆ ಗೊತ್ತು. ಎಷ್ಟೇ ಭಯಾನಕ ಕನಸಾದರೂ ಕೆನ್ನೆ ಚಿವುಟಿಕೊಂಡರೆ ಸಾಕು. ಆಕೆಗೆ ಗೊತ್ತಿಲ್ಲದಿರುವುದು ಕೋಣೆಯಿಂದ ಹೊರಬರುವುದು. ಹನ್ನೆರಡು ಬಾಗಿಲುಗಳು ಕನಸಿನಲ್ಲಿ ತೆರೆದಿವೆ, ಎಚ್ಚರದ ಒಂದೇ ಒಂದು ಬಾಗಿಲು ಮುಚ್ಚಿದೆ. ಆಟವಿಡೀ ಆ ಬಾಗಿಲನ್ನು ಹೊರಗಿನಿಂದ ಯಾರೂ ತಟ್ಟುವುದಿಲ್ಲ. ಕಡೆಗೆ 24 ವಸ್ತುಗಳನ್ನೂ ಸಂಗ್ರಹಿಸಿ ಅವನ್ನೆಲ್ಲ ಕನಸಿನಲ್ಲೇ ಇಳಿಸಿ ಎಚ್ಚರಗೊಂಡ ಹುಡುಗಿ ತನ್ನ ಜೀವವನ್ನು ತಾನೇ ಕೊನೆಗೊಳಿಸಿಕೊಂಡಳೆಂದು ಸೂಚಿಸುವ ದೃಶ್ಯದೊಂದಿಗೆ ಆಟ ಮುಗಿಯುತ್ತದೆ. ಏಕೆ ಎಂಬುದಕ್ಕೆ ಆಟದಲ್ಲಿ ಒಂದಕ್ಷರದ ವಿವರಣೆಯೂ ಇಲ್ಲ. ಆದ್ದರಿಂದ ಇದು ಎಳೆಯ ಮಕ್ಕಳ ಕೈಗೆ ಕೊಡುವ ಆಟವಲ್ಲ ಎಂಬುದನ್ನು ಹೆತ್ತವರು ತಿಳಿದಿರಬೇಕು.

ಇದು ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತೆಯೂ ಇಲ್ಲ. ಜಪಾನಿನಲ್ಲಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮನೆಯೊಳಗೇ ಉಳಿದು ಸಮಾಜದಿಂದ ಹಿಂದೆ ಸರಿದವರನ್ನು 'ಹಿಕಿಕೊಮೊರಿ' ಎನ್ನುತ್ತಾರೆ. 15ರಿಂದ 64 ವರ್ಷದೊಳಗಿನ ಇಂತಹವರು ದೇಶದಲ್ಲಿ ಸುಮಾರು 14 ಲಕ್ಷ 60 ಸಾವಿರ ಮಂದಿ ಇದ್ದಾರೆಂದು ಅಲ್ಲಿನ ಸರ್ಕಾರ 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಅಂದಾಜಿಸಿತು. ಕೆಲಸ ಕಳೆದುಕೊಂಡದ್ದು, ಕಾಯಿಲೆ, ಜನರೊಂದಿಗಿನ ಸಂಬಂಧಗಳ ಕಹಿ, ಹೀಗೆ ಕಾರಣಗಳು ಹಲವು. ಅವರ ಕಷ್ಟಕ್ಕೆ ಕನಸೂ ಕಾರಣವಲ್ಲ, ಆಟವೂ ಕಾರಣವಲ್ಲ. ಆದ್ದರಿಂದ ಆಟದ ಯಂತ್ರವನ್ನು ಕಸಿದುಕೊಂಡರೆ ಮುಚ್ಚಿದ ಬಾಗಿಲು ತಾನಾಗಿ ತೆರೆಯುವುದೂ ಇಲ್ಲ.

ಈಗ ಒಂದು ವಿಚಿತ್ರವನ್ನು ಕಾಣಿರಿ. ಕಥೆಯೊಳಗೆ ಆ ಹುಡುಗಿಯ ಕನಸನ್ನು ಕೇಳುವವರು ಒಬ್ಬರೂ ಇಲ್ಲ. ಆದರೆ ಕಥೆಯ ಹೊರಗೆ ಎರಡು ದಶಕಗಳಿಂದ ಎಷ್ಟೋ ಜನ ಆಕೆಯ ಕನಸಿನಲ್ಲಿ ನಡೆದಿದ್ದಾರೆ. ಮೂಕಪಾತ್ರಗಳಿಗೆ ಹೆಸರಿಟ್ಟಿದ್ದಾರೆ, ಅವರ ಚಿತ್ರ ಬರೆದಿದ್ದಾರೆ, ಆಕೆಗೆ ಏನಾಗಿರಬಹುದೆಂದು ರಾತ್ರಿಯೆಲ್ಲ ಚರ್ಚಿಸಿದ್ದಾರೆ. ಈ ಆಟಗಳ ನಿಜವಾದ ಸೆಳೆತ ಇಲ್ಲಿದೆ ಎಂದು ನನಗನಿಸುತ್ತದೆ. ಇನ್ನೊಬ್ಬರ ಅಂತರಂಗದಲ್ಲಿ ಅವಸರವಿಲ್ಲದೆ, ಉಪದೇಶವಿಲ್ಲದೆ, ಸುಮ್ಮನೆ ಜೊತೆಗೆ ನಡೆಯುವುದು. ತನ್ನ ಅಂತರಂಗದಲ್ಲೂ ಯಾರಾದರೂ ಹಾಗೆ ನಡೆದಾರೆಂಬ ಆಸೆ ಆಡುವವರ ಮನದ ಮೂಲೆಯಲ್ಲಿ ಇದ್ದೀತು.

ಆದಿಕಾಂಡದ ಯೋಸೇಫನನ್ನು ನೆನೆಯಿರಿ. ಕನಸುಗಾರನೆಂದು ಅಣ್ಣಂದಿರಿಂದ ಹಗೆಗೊಳಗಾಗಿ, ಮಾರಲ್ಪಟ್ಟು, ಕಡೆಗೆ ಈಜಿಪ್ಟಿನ ಸೆರೆಮನೆ ಸೇರಿದವನು ಆತ. ಅವನೊಂದಿಗೆ ಸೆರೆಯಲ್ಲಿದ್ದ ಅರಸನ ಇಬ್ಬರು ಸೇವಕರು ಒಂದೇ ರಾತ್ರಿ ಕನಸು ಕಂಡರು. ಅವರ ಕನಸಿನ ಅರ್ಥವನ್ನು ಯೋಸೇಫ ಹೇಳಿದ ಕಥೆ ನಮಗೆಲ್ಲ ಗೊತ್ತು. ಅದಕ್ಕೆ ಮುಂಚಿನ ಒಂದು ಸಣ್ಣ ಸಂಗತಿಯನ್ನು ನಾವು ಮರೆತುಬಿಡುತ್ತೇವೆ. ಬೆಳಿಗ್ಗೆ ಅವರ ಬಳಿಗೆ ಬಂದಾಗ ಅವರ ಮುಖ ಬಾಡಿರುವುದನ್ನು ಯೋಸೇಫ ಗಮನಿಸಿದ, ಏಕೆಂದು ಕೇಳಿದ. ಅರ್ಥ ಹೇಳಿದ್ದು ಆಮೇಲೆ. ಮೊದಲು ನೋಡಿದ್ದು ಮುಖವನ್ನು.

ಹೆತ್ತವರಾದ ನಮ್ಮಿಂದ ಆಗಬೇಕಾದುದೂ ಇದೇ ಅಲ್ಲವೇ? ಮಗು ಕನಸಿನ ಲೋಕದಲ್ಲಿ ಅಲೆಯುತ್ತಿದೆ ಎಂಬುದು ಗಾಬರಿಪಡಬೇಕಾದ ಸಂಗತಿಯಲ್ಲ. ಅಲೆದು ಬಂದ ಮಗು ಊಟದ ಮೇಜಿಗೆ ಬರುತ್ತಿದೆಯೇ, ಗೆಳೆಯರನ್ನು ಕಾಣುತ್ತಿದೆಯೇ, ಕಂಡದ್ದನ್ನು ಹೇಳಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಬರುತ್ತಿದ್ದರೆ ಆ ಅಲೆದಾಟ ವಿಶ್ರಾಂತಿ. ಬರುವುದು ನಿಂತಿದ್ದರೆ, ನಿದ್ರೆ ಮತ್ತು ಊಟ ಕೆಟ್ಟಿದ್ದರೆ, ಬದುಕಿನ ಬಗ್ಗೆ ಬೇಸರದ ಮಾತು ಬಂದಿದ್ದರೆ, ತಡಮಾಡದೆ ಹತ್ತಿರದ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಪಡೆಯಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ಹಾಗೆ ನೆರವು ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈ ಲೇಖನದ ಮೊದಲಲ್ಲಿ ನೀವು ಮಗಳ ಹಿಂದೆ ನಿಂತಿದ್ದಿರಿ. ಮುಂದಿನ ಬಾರಿ ಒಂದು ಕುರ್ಚಿಯನ್ನು ಎಳೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಗೆಲ್ಲುವುದು ಹೇಗೆಂದು ಕೇಳಬೇಡಿ. "ಈ ಬಾಗಿಲಿನ ಹಿಂದೆ ಏನಿದೆ, ನನಗೂ ತೋರಿಸುತ್ತೀಯಾ?" ಎಂದು ಕೇಳಿ. ಆಕೆ ತೋರಿಸುತ್ತಿರುವಾಗ ಪರದೆಯನ್ನು ನೋಡಿ. ನಡುನಡುವೆ ಆಕೆಯ ಮುಖವನ್ನೂ ನೋಡಿ.