ಸಾಡೇಬಾರಾ ಟಕ್ಕೆ

ನವಿ ಮುಂಬಯಿಯ ವಾಶಿ, ಕೋಪರ್‌ಖೈರಣೆಗಳಲ್ಲಿ ಮನೆ ಹುಡುಕಿದವರಿಗೆಲ್ಲ ಈ ಮಾತು ಗೊತ್ತು. ‘ಅದು ಸಿಡ್ಕೊ ಕಟ್ಟಡ, ಇದು ಸಾಡೇಬಾರಾ ಟಕ್ಕೆ ಪ್ಲಾಟು’ ಎಂದು ದಲಾಲ ಒಂದೇ ಉಸಿರಿಗೆ ಹೇಳಿ ದರಕ್ಕೆ ಬರುತ್ತಾನೆ. ಹನ್ನೆರಡೂವರೆ ಶೇಕಡಾ ಎಂದರೆ ರೈತನಿಂದ ತೆಗೆದುಕೊಂಡ ಭೂಮಿಗೆ ಬದಲಾಗಿ, ನಗರವಾದ ಮೇಲೆ ಅವನಿಗೆ ಮರಳಿಸಬೇಕಾದ ಪಾಲು. ಆ ಪಾಲಿನ ಹಿಂದೆ ಐದು ಸಾವುಗಳಿವೆ ಎಂದು ದಲಾಲ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಹುಟ್ಟಿದ್ದು 1970ರಲ್ಲಿ. ಠಾಣೆ, ಪನವೇಲ್, ಉರಣ ತಾಲ್ಲೂಕುಗಳ 95 ಹಳ್ಳಿಗಳ ಮೇಲೆ ಹೊಸ ನಗರದ ನಕ್ಷೆ ಬಿತ್ತು. ವಾಶಿಯೂ ಆಗ ಹಳ್ಳಿಯೇ. ಇಲ್ಲಿಯ ಆಗ್ರಿ, ಕೋಳಿ ಜನ ಮೀನು ಹಿಡಿದು, ಉಪ್ಪು ತೆಗೆದು, ಖಾಡಿಯ ಉಪ್ಪುನೀರು ನುಗ್ಗದಂತೆ ಮಣ್ಣಿನ ಒಡ್ಡು ಹಾಕಿ ಭತ್ತ ಬೆಳೆಯುತ್ತಿದ್ದರು, ನಮ್ಮ ಕುಮಟೆ, ಅಂಕೋಲೆಯ ಗಜನಿ ಗದ್ದೆಗಳ ಹಾಗೆ. ಒಡ್ಡು ಒಡೆದರೆ ವರ್ಷದ ಅನ್ನ ಉಪ್ಪಾಗುತ್ತದೆ. ಆದ್ದರಿಂದ ಅದನ್ನು ಕಾಯುವುದು ಊರಿಗೆ ಊರೇ ಕೂಡಿ ಮಾಡುವ ಕೆಲಸ. ಇಂಥ ನೆಲಕ್ಕೆ ಬೆಲೆ ಕಟ್ಟುವಾಗ ಒಡ್ಡು ಕಟ್ಟಿದವರ ಮಾತಿಗೆ ಬೆಲೆ ಸಿಗಲಿಲ್ಲ. ರೈತ ಮುಖಂಡ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ಅರ್ಜಿ, ಮೋರ್ಚಾ ಎಲ್ಲ ಆಯಿತು. 1984ರ ಜನವರಿ 16 ಮತ್ತು 17ರಂದು ಉರಣದ ಜಾಸಯಿ ಪರಿಸರದಲ್ಲಿ ಪೊಲೀಸರು ಗುಂಡು ಹಾರಿಸಿದರು. ಆ ಐದು ಸಾವುಗಳಾದದ್ದು ಆಗ. ಹನ್ನೆರಡೂವರೆ ಶೇಕಡಾ ಬಂದದ್ದು ಅದರ ನಂತರ. ಯೋಜನೆ ಜಾರಿಯ ರೂಪ ಪಡೆಯುವಷ್ಟರಲ್ಲಿ 1990 ಬಂದಿತ್ತು. ಪಾಲಿಗಾಗಿ ಕಾಯುತ್ತಿರುವ ಕುಟುಂಬಗಳು ಆಮೇಲೂ ಉಳಿದವು.

ಕನ್ನಡಿಗರಿಗೆ ಇದು ಕೇಳಿದ ಕತೆಯೇ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದದ್ದೂ ಹೀಗೆಯೇ. ಮಲಪ್ರಭೆಯ ನೀರು ಕಾಲುವೆಯ ಕೊನೆಯ ಹೊಲಕ್ಕೆ ಮುಟ್ಟುವ ಮೊದಲೇ ಅಭಿವೃದ್ಧಿ ಕರದ ನೋಟಿಸು ಮುಟ್ಟಿತ್ತು. ಗೋಲಿಬಾರಿನಲ್ಲಿ ರೈತರು ಸತ್ತರು. ಜನರ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಅವರೂ ಯಾವುದೋ ಹಳ್ಳಿಯ ಮಕ್ಕಳು. ಆಮೇಲೆ ಸರ್ಕಾರ ಕರದ ವಿಷಯದಲ್ಲಿ ಹಿಂದೆ ಸರಿಯಿತು.

ಗುಂಡಿಗಿಂತ ಹೆಚ್ಚು ನನ್ನನ್ನು ಕಾಡುವುದು ಆಮೇಲಿನ ಈ ಔದಾರ್ಯ. ಹೆಣ ಬಿದ್ದ ಮೇಲೆ ಕೊಡಬಹುದಾದದ್ದನ್ನು ಮೊದಲೇ ಏಕೆ ಕೊಡಲಾಗಲಿಲ್ಲ? ಖಜಾನೆಯೇನು ರಾತ್ರೋರಾತ್ರಿ ತುಂಬಿತೆ? ಇದನ್ನು ಬರೀ ಮೈಗಳ್ಳತನ ಎಂದು ಬಿಡಲು ನನಗೆ ಮನಸ್ಸಿಲ್ಲ. ಅರ್ಜಿಗೆ ಜಗ್ಗದವರು ಕಲ್ಲಿಗೆ ಜಗ್ಗುತ್ತಾರೆ ಎಂದು ರೈತನ ಮಕ್ಕಳಿಗೆ ಕಲಿಸಿಕೊಟ್ಟವರು ಯಾರು? 2024ರ ಮಾರ್ಚ್ 11ರಂದು ಮೆಣಸಿನಕಾಯಿ ಬೆಲೆ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಎಂದು ನಾನು ಹೇಳಲಾರೆ. ಆದರೆ ಅಂದು ಟಿವಿಯಲ್ಲಿ ‘ದೊಂಬಿ’ ಎಂಬ ಮಾತು ಕೇಳಿ ತಲೆಯಾಡಿಸಿದ ನಾವು, ವಾಶಿಯ ಮಸಾಲೆ ಮಾರ್ಕೆಟ್ಟಿನಲ್ಲಿ ಅದೇ ಮೆಣಸಿನಕಾಯಿ ಅಗ್ಗವಾದರೆ ಎರಡು ಕಿಲೊ ಹೆಚ್ಚು ಕಟ್ಟಿಸುವವರು.

ಕಲ್ಲೆತ್ತದವರ ಕತೆಯೂ ಇದೆ. 2018ರ ಮಾರ್ಚ್‌ನಲ್ಲಿ ನಾಸಿಕದಿಂದ ಹೊರಟ ರೈತರು, ಹೆಚ್ಚಿನವರು ಆದಿವಾಸಿಗಳು, ಠಾಣೆ ದಾಟಿ ಮುಂಬಯಿಗೆ ಬಂದರು. ಹತ್ತನೆಯ ತರಗತಿಯ ಪರೀಕ್ಷೆ ನಡೆಯುತ್ತಿತ್ತು. ಮಕ್ಕಳಿಗೆ ತೊಂದರೆಯಾಗಬಾರದೆಂದು, ಬೊಬ್ಬೆ ಎದ್ದ ಪಾದಗಳಲ್ಲೇ ರಾತ್ರಿ ನಡೆದು ಆಜಾದ್ ಮೈದಾನ ಸೇರಿದರು. ಮುಂಬಯಿಯವರು ನೀರು, ಬಿಸ್ಕೆಟ್, ಚಪ್ಪಲಿ ಹಿಡಿದು ಎದುರುಗೊಂಡರು. ಸರ್ಕಾರ ಬೇಡಿಕೆಗಳನ್ನು ಬರಹದಲ್ಲೇ ಒಪ್ಪಿತು. ಐದು ವರ್ಷ ಕಳೆದು, 2023ರ ಮಾರ್ಚ್‌ನಲ್ಲಿ ಅವರು ಮತ್ತೆ ನಡೆಯಬೇಕಾಯಿತು. ಠಾಣೆ ಜಿಲ್ಲೆಯ ವಾಸಿಂದದವರೆಗೆ ಬಂದಿದ್ದರು. ಇಷ್ಟು ಸೌಜನ್ಯದಿಂದ ಕೇಳಿದವರನ್ನೇ ಎರಡೆರಡು ಸಲ ನಡೆಸುವ ಸರ್ಕಾರಕ್ಕೆ ಶಾಂತಿಯ ಬಗ್ಗೆ ಉಪದೇಶ ಮಾಡುವ ಹಕ್ಕಿಲ್ಲ.

ಜಾಸಯಿ ವಾಶಿಯಿಂದ ದೂರವೇನಲ್ಲ. ಊರಿನಿಂದ ಬಂದ ನೆಂಟರಿಗೆ ಮಾಲು, ಪಾಮ್ ಬೀಚ್ ರಸ್ತೆ ತೋರಿಸುವ ನಾವು ಒಮ್ಮೆ ಅಲ್ಲಿಯ ಹುತಾತ್ಮರ ಸ್ಮಾರಕವನ್ನೂ ತೋರಿಸೋಣ. ನೆಂಟರು ನರಗುಂದದ ಕಡೆಯವರಾದರೆ ಹೆಚ್ಚು ವಿವರಿಸುವ ಅಗತ್ಯವೂ ಬೀಳದು.