ದೊಡ್ಡ ಮೀನು ಯಾರ ಪಾಲು?

ಮಳೆ ಕೈಕೊಟ್ಟ ವರ್ಷ ಏಪ್ರಿಲ್ ಹೊತ್ತಿಗೆ ಕರಜಗಿ ಸೀಮೆಯ ಭೀಮಾ ತೀರದಲ್ಲಿ ಹರಿಯುವ ನೀರು ಕಾಣಸಿಗುವುದಿಲ್ಲ. ಅಲ್ಲಲ್ಲಿ ಮಡುಗಳು ಉಳಿಯುತ್ತವೆ, ಹೊಳೆಯ ಮೀನೆಲ್ಲ ಆ ಮಡುಗಳಿಗೆ ಬಂದು ಸೇರುತ್ತದೆ. ಉಸುಕು ತೆಗೆದ ಗುಂಡಿಗಳ ನಡುವೆ ಉಳಿದ ಎದೆಮಟ್ಟದ ನೀರಿನಲ್ಲಿ ಹತ್ತು ಹನ್ನೆರಡು ಕಿಲೋ ತೂಗುವ ಕಾಟ್ಲಾ, ಇಲ್ಲವೆ ಉದ್ದ ಮೀಸೆಯ ಬಾಳೆಮೀನು ಬಲೆಗೆ ಬಿದ್ದರೆ ಊರಿಗೆಲ್ಲ ಅದೇ ಸುದ್ದಿ. ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಂಡ ಮೇಲೆ ಮೀನು ತುಂಡಾಗಿ ತಕ್ಕಡಿಗೆ ಬರುತ್ತದೆ. ಇದರಲ್ಲಿ ತಪ್ಪು ಕಾಣುವವರು ಕಡಿಮೆ. ಮರಿಗಳನ್ನು ಬಾಚಿಕೊಂಡವನನ್ನು ಹಿರಿಯರು ಬಯ್ಯುತ್ತಾರೆ. ಕಣ್ಣು ಸಣ್ಣ ಬಲೆ ಹಾಕಬೇಡಿ ಎಂದು ಮೀನುಗಾರಿಕೆ ಇಲಾಖೆಯೂ ಹೇಳುತ್ತದೆ. ದೊಡ್ಡದನ್ನು ಹಿಡಿದವನಿಗೆ ಮಾತ್ರ ಶಹಬ್ಬಾಸ್. ಚಿಕ್ಕದು ಇನ್ನೂ ಬಾಳಬೇಕಾದದ್ದು, ದೊಡ್ಡದು ತನ್ನ ಬಾಳು ಬಾಳಿಯಾಯಿತು ಎಂಬ ಎಣಿಕೆ ಇದರ ಹಿಂದಿದೆ. ಮನುಷ್ಯರ ಮನೆಗೆ ಸರಿಹೊಂದುವ ಈ ಎಣಿಕೆ ಹೊಳೆಗೆ ಸರಿಹೊಂದುವುದಿಲ್ಲ. ದೊಡ್ಡ ಮೀನನ್ನು ನೀರಿಗೆ ಬಿಡಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಕರುಣೆಯಲ್ಲ. ಅದು ಹಿಡಿದವನ ಪಾಲಿಗೆ ಬರುವ ಮೀನೇ ಅಲ್ಲ, ಅಷ್ಟೆ.

ಮೀನಿನ ಬೆಳವಣಿಗೆ ದನಕರುಗಳಂತೆ ಒಂದು ವಯಸ್ಸಿಗೆ ನಿಲ್ಲುವುದಿಲ್ಲ. ಬದುಕಿರುವಷ್ಟು ಕಾಲ ನಿಧಾನವಾಗಿಯಾದರೂ ಬಹುತೇಕ ಮೀನುಗಳು ಬೆಳೆಯುತ್ತಲೇ ಇರುತ್ತವೆ, ಹೆಣ್ಣು ಬೆಳೆದಂತೆಲ್ಲ ಅದರ ಮೊಟ್ಟೆಗಳೂ ಹೆಚ್ಚುತ್ತವೆ. ತೂಕ ಎರಡು ಪಟ್ಟಾದರೆ ಮೊಟ್ಟೆಯೂ ಎರಡು ಪಟ್ಟು ಎಂದು ಬಹಳ ಕಾಲ ವಿಜ್ಞಾನಿಗಳೂ ಲೆಕ್ಕ ಹಾಕುತ್ತಿದ್ದರು. 342 ಜಾತಿಯ ಕಡಲ ಮೀನುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನ ಆ ಲೆಕ್ಕವನ್ನು ತಿದ್ದಿತು. ಅಟ್ಲಾಂಟಿಕ್ ಕಾಡ್ ಜಾತಿಯ 30 ಕಿಲೋದ ಒಂದು ಹೆಣ್ಣು ಇಡುವ ಮೊಟ್ಟೆ, ತಲಾ ಎರಡು ಕಿಲೋದ 28 ಹೆಣ್ಣುಗಳು ಸೇರಿ ಇಡುವುದಕ್ಕಿಂತ ಹೆಚ್ಚು. ತಕ್ಕಡಿಯಲ್ಲಿ 56 ಕಿಲೋ ತೂಗುವ ಗುಂಪು 30 ಕಿಲೋದ ಒಂಟಿ ಮೀನಿಗೆ ಸಮನಾಗುವುದಿಲ್ಲ. ಅಳಿವೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ನಮ್ಮ ಕರಾವಳಿಯ ಅಳಿವೆಗಳಿಗೆ ಬರುವ ಸೀಬಾಸ್ ಮೊದಲು ಗಂಡಾಗಿ ಬಲಿತು, ಕೆಲವು ವರ್ಷದ ಮೇಲೆ ಹೆಣ್ಣಾಗಿ ಬದಲಾಗುವ ಮೀನು. ಅಲ್ಲಿ ದೊಡ್ಡದನ್ನೆಲ್ಲ ಹಿಡಿದರೆ ತಾಯಂದಿರನ್ನೇ ಹಿಡಿದಂತೆ. ಆಸ್ಟ್ರೇಲಿಯಾದ ಅಳಿವೆಗಳ ತಳದಲ್ಲಿ ಮರಳಿಗೆ ಮೈಯೊತ್ತಿ ಮಲಗುವ ಫ್ಲಾಟ್‌ಹೆಡ್ ಮೀನಿನಲ್ಲೂ ಬಹಳ ದೊಡ್ಡವು ಹೆಣ್ಣುಗಳೇ. ಆದ್ದರಿಂದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಅದರ ಡಸ್ಕಿ ಎಂಬ ಜಾತಿಯಲ್ಲಿ 40 ಸೆಂಟಿಮೀಟರ್‌ಗಿಂತ ಚಿಕ್ಕದನ್ನು ಬಿಡಬೇಕು, 75 ದಾಟಿದ್ದನ್ನೂ ಬಿಡಬೇಕು ಎಂಬ ನಿಯಮವಿದೆ. ನಮ್ಮ ದೇಶದಲ್ಲಿ ಕೇರಳ ಮುಂದೆ ಬಂದು ಐವತ್ತಕ್ಕೂ ಹೆಚ್ಚು ಜಾತಿಯ ಕಡಲ ಮೀನುಗಳಿಗೆ ಕನಿಷ್ಠ ಅಳತೆ ಗೊತ್ತುಮಾಡಿತು, ಒಳ್ಳೆಯ ಕೆಲಸ. ಆದರೆ ಕೆಳಗಿನ ಗಡಿಯೊಂದೇ ಇರುವ ನಿಯಮ ಮರಿಗಳನ್ನು ಕಾಯುತ್ತದೆ, ಆ ಮರಿಗಳನ್ನು ಹಾಕುವವರನ್ನು ಕಾಯುವುದಿಲ್ಲ.

ಆಳಂದ, ಜೇವರ್ಗಿಯ ಎರೆನೆಲದ ರೈತರು ರಾಶಿಗೆ ಮುಂಚೆ ಬಿಳಿಜೋಳದ ತುಂಬಿದ ತೆನೆಗಳನ್ನೇ ಆರಿಸಿ ಬೀಜಕ್ಕೆ ಎತ್ತಿಡುತ್ತಿದ್ದರು. ಎಂಥ ಬರದಲ್ಲೂ ಆ ಬೀಜವನ್ನು ಬೀಸಿ ರೊಟ್ಟಿ ಮಾಡಲು ಮನಸ್ಸು ಒಪ್ಪುತ್ತಿರಲಿಲ್ಲ. ಹೊಳೆಯಲ್ಲಿ ನಾವು ನಡೆದುಕೊಳ್ಳುವುದು ಇದಕ್ಕೆ ಉಲ್ಟಾ. ತುಂಬಿದ ತೆನೆ ತಿಂದು ಜೊಳ್ಳನ್ನು ಬಿತ್ತನೆಗೆ ಬಿಡುತ್ತಿದ್ದೇವೆ. ಅದರ ಫಲ ಏನೆಂಬುದನ್ನು ಅಮೆರಿಕದ ಇಬ್ಬರು ವಿಜ್ಞಾನಿಗಳು ತೊಟ್ಟಿಗಳಲ್ಲಿ ಮೀನು ಸಾಕಿ ನೋಡಿದರು. ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಸಿಲ್ವರ್‌ಸೈಡ್ ಎಂಬ ಚಿಕ್ಕ ಮೀನಿನಲ್ಲಿ, ಒಂದು ಗುಂಪಿನಿಂದ ಪ್ರತಿ ತಲೆಮಾರಿಗೂ ದೊಡ್ಡವನ್ನು ತೆಗೆದರು, ಇನ್ನೊಂದರಿಂದ ಚಿಕ್ಕವನ್ನು. ನಾಲ್ಕೇ ತಲೆಮಾರಿನಲ್ಲಿ ಮೊದಲ ಗುಂಪಿನ ಮೀನುಗಳ ಸರಾಸರಿ ತೂಕ ಎರಡನೆಯದರ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿತ್ತು. ಹಾಕುವ ಕೂಳು ಅದೇ, ನೀರು ಅದೇ, ಬದಲಾದದ್ದು ತಳಿ. ಮೊದಲಿನಂಥ ಮೀನು ಈಗಿಲ್ಲ ಎಂಬ ಮಾತು ಯಾವ ಹೊಳೆಯ ದಂಡೆಯಲ್ಲಾದರೂ ಕೇಳಿಬರುತ್ತದೆ. ಬತ್ತುವ ನೀರು, ಕೊಳಕು, ಬ್ಯಾರೇಜು ಎಲ್ಲಕ್ಕೂ ಅದರಲ್ಲಿ ಪಾಲಿದೆ ನಿಜ. ನಮ್ಮ ಆಯ್ಕೆಗೂ ಪಾಲಿದೆ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಹಿಡಿದು ಬಿಡುವ ಪದ್ಧತಿಯ ದೊಡ್ಡ ಪ್ರಯೋಗ ಕರ್ನಾಟಕದಲ್ಲೇ ನಡೆದಿದೆ, ಭೀಮೆಯಲ್ಲಲ್ಲ, ಕಾವೇರಿಯಲ್ಲಿ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಮಹಸೀರ್ ಮೀನಿಗೆ ಗಾಳ ಹಾಕುವುದು ಹುಲಿ ಬೇಟೆಗೆ ಸಮನಾದ ಪ್ರತಿಷ್ಠೆಯಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನು ಹಿಡಿದರು, ಎಂದರೆ 54 ಕಿಲೋ. ಆಮೇಲೆ ತೋಟೆ ಸಿಡಿಸಿ ಮೀನು ಹಿಡಿಯುವವರ ಕಾಲ ಬಂತು, ಮಹಸೀರ್ ಮುಗಿದೇಹೋಯಿತೆಂದು ಜನ ನಂಬಿದರು. ಮುಗಿದಿಲ್ಲ ಎಂದು ತೋರಿಸಿದ್ದು 1970ರ ದಶಕದ ಕೊನೆಗೆ ಬಂದ ಮೂವರು ಇಂಗ್ಲಿಷ್ ಗಾಳಗಾರರು. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾವಲು ಹಾಕಿತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಕಳಿ, ಗಾಲಿಬೋರೆಗಳಲ್ಲಿ ಶಿಬಿರ ತೆರೆಯಿತು. ಹಣ ಕೊಟ್ಟು ಬಂದವರು ಗಾಳ ಹಾಕಬೇಕು, ತೂಕ ಬರೆಸಬೇಕು, ಮೀನನ್ನು ನೀರಿಗೇ ಬಿಡಬೇಕು ಎಂಬುದು ಷರತ್ತು. ನಿನ್ನೆ ತೋಟೆ ಹಾಕುತ್ತಿದ್ದವರಲ್ಲಿ ಕೆಲವರೇ ಕಾವಲುಗಾರರೂ ಮಾರ್ಗದರ್ಶಕರೂ ಆದರು. 2010ರ ದಶಕದ ಆರಂಭದಲ್ಲಿ, ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ನೆಲೆಯಲ್ಲಿ ವನ್ಯಜೀವಿ ಕಾಯ್ದೆಯಡಿ ಇದು ನಿಂತುಹೋಯಿತು.

ನಿಲ್ಲಿಸಿದ್ದು ಸರಿ ಎನ್ನುವವರ ಮಾತಿನಲ್ಲಿ ಬಲವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಹಸಿವಿಗೆ ಕೊಲ್ಲುವುದನ್ನು ಒಪ್ಪಬಹುದು, ಹುಮ್ಮಸ್ಸಿಗೆ ನೋಯಿಸುವುದನ್ನು ಹೇಗೆ ಒಪ್ಪುವುದು? ಬಾಯಿಗೆ ಮುಳ್ಳು ಚುಚ್ಚಿ, ಮುಕ್ಕಾಲು ತಾಸು ಎಳೆದಾಡಿ, ಕೊನೆಗೆ ಬಿಟ್ಟು ದೊಡ್ಡವರಾಗುವುದು ಯಾವ ಧರ್ಮ? ಮೀನಿಗೆ ನೋವಿಲ್ಲ ಎಂಬ ಹಳೆಯ ಸಮಾಧಾನ ಈಗ ನಿಲ್ಲುವುದಿಲ್ಲ. ಬ್ರಿಟನ್ನಿನ ವಿಜ್ಞಾನಿ ಲಿನ್ ಸ್ನೆಡನ್ 2003ರಲ್ಲಿ ತೋರಿಸಿದಂತೆ, ತುಟಿಗೆ ಆಮ್ಲ ಚುಚ್ಚಿದ ಟ್ರೌಟ್ ಮೀನುಗಳ ಉಸಿರಾಟ ಏರಿತು, ಅವು ಮೈಯನ್ನು ಅತ್ತಿತ್ತ ತೂಗಿದವು, ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು, ಬಹಳ ಹೊತ್ತು ಆಹಾರ ಮುಟ್ಟಲಿಲ್ಲ. ಸ್ವಿಟ್ಜರ್ಲೆಂಡ್ 2008ರ ನಿಯಮದಲ್ಲಿ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಬಿಟ್ಟ ಮೀನೆಲ್ಲ ಬದುಕುತ್ತದೆ ಎಂದೂ ಅಲ್ಲ. ದಣಿಸಿದ ಟ್ರೌಟ್‌ಗಳನ್ನು ನೀರಿನಿಂದ ಹೊರಗೆ ಹಿಡಿದು ನೋಡಿದ 1992ರ ಪ್ರಯೋಗವೊಂದಿದೆ. ಹೊರಗೆ ಎತ್ತದೆ ಬಿಟ್ಟವುಗಳಲ್ಲಿ ಸತ್ತದ್ದು ನೂರಕ್ಕೆ 12. ಅರ್ಧ ನಿಮಿಷ ಗಾಳಿಯಲ್ಲಿಟ್ಟಾಗ 38. ಒಂದು ನಿಮಿಷಕ್ಕೆ 72. ಫೋಟೊ ಚೆನ್ನಾಗಿ ಬರಲಿಲ್ಲ, ಇನ್ನೊಂದು ತೆಗಿ ಎಂದು ಹೇಳುವಷ್ಟರಲ್ಲಿ ಆ ನಿಮಿಷ ಮುಗಿದಿರುತ್ತದೆ. ಬಿಟ್ಟ ಮೀನು ಬಾಲ ಬಡಿದು ಆಳಕ್ಕೆ ಹೋದದ್ದನ್ನಷ್ಟೇ ನಾವು ಕಾಣುತ್ತೇವೆ.

ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದರೂ ನನ್ನ ವಾದ ಉಳಿಯುತ್ತದೆ, ಇನ್ನಷ್ಟು ಸ್ಪಷ್ಟವೂ ಆಗುತ್ತದೆ. ಬಿಡುವುದನ್ನು ಆ ಒಂದು ಮೀನಿಗೆ ಮಾಡಿದ ಉಪಕಾರವೆಂದು ಎಣಿಸಿದರೆ ಆಕ್ಷೇಪ ಗೆಲ್ಲುತ್ತದೆ. ಗಾಯ ಮಾಡಿದವನು ತಾನೇ, ಉಪಕಾರಿಯೂ ತಾನೇ ಎಂದರೆ ಯಾರು ಒಪ್ಪುತ್ತಾರೆ? ಆದರೆ ಬಿಡಬೇಕಾದದ್ದು ಆ ಮೀನಿನ ಒಡಲಲ್ಲಿರುವ ಲಕ್ಷಾಂತರ ಮೊಟ್ಟೆಗಳಿಗಾಗಿ, ಆ ಮೊಟ್ಟೆಗಳಿಂದ ಬರುವ ಮೀನನ್ನು ನಂಬಿ ಹತ್ತು ವರ್ಷದ ಮೇಲೆ ಬಲೆ ಹಾಕುವವರಿಗಾಗಿ. ಈ ಕಾರಣ ಹಿಡಿದವನ ಮನಸ್ಸು ಎಂಥದೆಂದು ಕೇಳುವುದಿಲ್ಲ. ಹಾಗಿದ್ದರೆ ಬಿಡುವುದಕ್ಕೆಂದೇ ಹಿಡಿಯುವವನಿಗೆ ವಿಶೇಷ ಪುಣ್ಯವೇನೂ ಇಲ್ಲ. ಅವನ ಗಾಳದಿಂದ ಬಂದ ಹಣ ಹೊಳೆಯ ಕಾವಲಿಗೆ ಹೋದಷ್ಟರ ಮಟ್ಟಿಗೆ ಮಾತ್ರ ಅವನನ್ನು ಸಹಿಸಿಕೊಳ್ಳಬಹುದು. ಮನೆಗೆ ಒಯ್ಯಲೆಂದೇ ಹಿಡಿದು, ಕೈಗೆ ಬಂದದ್ದರ ತೂಕ ನೋಡಿ ಮರಳಿ ನೀರಿಗಿಳಿಸುವವನದು ನಿಜವಾದ ತ್ಯಾಗ. ಮೀನನ್ನು ಹಿಡಿಯದೆ ಸುಮ್ಮನೆ ಬಿಡುವುದು ಇವೆರಡಕ್ಕಿಂತಲೂ ಮೇಲು. ಬೇಸಿಗೆಯ ಮಡುವಿನಲ್ಲಿ ಅದೊಂದೇ ದಾರಿ. ನಲವತ್ತು ಡಿಗ್ರಿ ಬಿಸಿಲಿಗೆ ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನು ಅಲ್ಲಿ ಸುಧಾರಿಸಿಕೊಳ್ಳುವುದು ಕಷ್ಟ. ಏಪ್ರಿಲ್, ಮೇ ತಿಂಗಳಲ್ಲಿ ಮಡುವಿಗೆ ಗಾಳ ಹಾಕಿ ಬಿಡುತ್ತೇನೆನ್ನುವ ಹವ್ಯಾಸಿಗೆ ಬೇಡ ಎಂದೇ ಹೇಳಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾವೇರಿಯ ದಾಖಲೆಗಳಲ್ಲೇ ಇದೆ. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಆರು ಸಾವಿರಕ್ಕೂ ಹೆಚ್ಚು ಮಹಸೀರ್‌ಗಳನ್ನು ಹಿಡಿದು, ತೂಗಿ, ಬಿಟ್ಟ ಲೆಕ್ಕ ಉಳಿದಿದೆ. ಸಂಶೋಧಕರು ಅದನ್ನು ಬಿಡಿಸಿ ನೋಡಿದಾಗ ಕಂಡದ್ದು ಎದೆ ಝಲ್ಲೆನಿಸುವಂಥದು. ಒಟ್ಟು ಮಹಸೀರ್ ಹೆಚ್ಚಿತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಜಾತಿ, ಲೋನಾವಳಾದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿ ದೇಶದ ಹಲವು ನೀರುಗಳಿಗೆ ಬಿಟ್ಟದ್ದು. ಕಾವೇರಿಯದೇ ಆದ ಗೂನುಬೆನ್ನಿನ ಮಹಸೀರ್, ಗಾಳಗಾರರು ಸಮುದ್ರ ದಾಟಿ ಹುಡುಕಿ ಬಂದ ಮೀನು, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿತ್ತು, ಸಿಕ್ಕ ಒಂದೊಂದರ ತೂಕ ಮಾತ್ರ ಏರುತ್ತಿತ್ತು. ಮುದಿ ಮೀನುಗಳು ಉಳಿದಿವೆ, ಅವುಗಳ ಹಿಂದೆ ಮರಿಗಳು ಬರುತ್ತಿಲ್ಲ ಎಂಬುದು ಅದರ ಅರ್ಥ. ಆ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ್ದೂ ಆ ವರ್ಷವೇ. ದೊಡ್ಡದನ್ನು ಬಿಟ್ಟರೆ ತಳಿ ಉಳಿಯುತ್ತದೆ ಎಂಬ ನನ್ನ ಮಾತನ್ನು ಇದು ಸುಳ್ಳು ಮಾಡುವುದಿಲ್ಲವೇ?

ಸುಳ್ಳು ಮಾಡುವುದಿಲ್ಲ, ಅದರ ಮಿತಿಯನ್ನು ತೋರಿಸುತ್ತದೆ. ಬಿಟ್ಟ ಹೆಣ್ಣಿಗೆ ಮೊಟ್ಟೆ ಇಡಲು ಜಾಗ ಬೇಕು, ಮರಿಗೆ ಹೊರಗಿನಿಂದ ತಂದು ಸುರಿದ ಜಾತಿಗಳ ಪೈಪೋಟಿ ಇರಬಾರದು, ಹರಿವು ಕಾಲಕ್ಕೆ ಸರಿಯಾಗಿ ಬರಬೇಕು. ಇವನ್ನೆಲ್ಲ ಕೆಡಿಸಿದ ಹೊಳೆಗೆ ತಾಯಿ ಮೀನನ್ನು ಬಿಡುವುದು ಅರ್ಧ ಕೆಲಸ. ಹಾಗೆಂದು ಅರ್ಧ ಕೆಲಸವನ್ನೂ ಬಿಟ್ಟುಬಿಡೋಣ ಎನ್ನಲಾಗದು. ಗಾಲಿಬೋರೆಯಲ್ಲಿ ಮುದಿ ಹೆಣ್ಣುಗಳನ್ನೂ ಕೊಂದಿದ್ದರೆ ಈಗ ಉಳಿಸಲು ಏನೂ ಇರುತ್ತಿರಲಿಲ್ಲ. ಬರೆದಿಡದೆ ಹೋಗಿದ್ದರೆ ನಷ್ಟ ನಡೆಯುತ್ತಿದೆಯೆಂಬುದೂ ಗೊತ್ತಾಗುತ್ತಿರಲಿಲ್ಲ. ದೊಡ್ಡ ಮೀನು ಮುಂದಿನವರ ಪಾಲು ಎಂದು ಒಮ್ಮೆ ಒಪ್ಪಿದರೆ ಹೊಣೆ ಬಲೆ ಹಿಡಿದವನ ಬಳಿಯೇ ನಿಲ್ಲುವುದಿಲ್ಲ. ಮರಳು ತೆಗೆಯುವವನು, ಪಂಪು ಇಳಿಸುವವನು, ಗೇಟು ಮುಚ್ಚುವ ಇಲಾಖೆ, ಯಾವ ಮರಿ ಎಲ್ಲಿಗೆ ಎಂದು ನೋಡದೆ ಲಾರಿಯಲ್ಲಿ ತಂದು ಸುರಿಯುವವರು ಎಲ್ಲರೂ ಅದರೊಳಗೆ ಬರುತ್ತಾರೆ.

ಹೊಣೆ ಹಂಚಿಕೆಯಾಗದೆ ಇದ್ದರೆ ಅದು ಬಡವನೊಬ್ಬನ ತಲೆಗೇ ಬೀಳುತ್ತದೆ ಎಂಬ ಭಯ ನ್ಯಾಯವಾದದ್ದು. ಭೀಮೆಯ ದಂಡೆಯ ಕಬ್ಬಲಿಗ, ಅಂಬಿಗರ ಮನೆಗಳಿಗೆ ಹನ್ನೆರಡು ಕಿಲೋದ ಮೀನು ಒಂದು ವಾರದ ಸಂತೆ. ಅಂಬಿಗರ ಚೌಡಯ್ಯನಂಥ ಶರಣರು ಬಂದ ಕಸುಬಿನ ಜನ ಅವರು. ಹೊಳೆಯ ಹಿತ ಅವರಿಗೆ ಹೊರಗಿನವರು ಕಲಿಸಬೇಕಾದ ಪಾಠವಲ್ಲ. ಜಾಲರಿಗೆ ಕಿವಿರು ಸಿಕ್ಕಿಸಿಕೊಂಡ ಮೀನು ಬಲೆ ಎತ್ತುವಷ್ಟರಲ್ಲಿ ಸತ್ತಿರುವುದೂ ಉಂಟು, ಸತ್ತದ್ದನ್ನು ಬಿಟ್ಟು ಏನು ಪ್ರಯೋಜನ? ಬಲೆಯವರಿಗೆ ಅಳತೆಪಟ್ಟಿ ಹಿಡಿದು ದಂಡ ಹಾಕುವ ನಿಯಮ ಅನ್ಯಾಯವಾಗುತ್ತದೆ. ನ್ಯಾಯವಾದದ್ದೆಂದರೆ ಅವರೊಂದಿಗೆ ಕೂತು ಕೆಲವು ಮಡುಗಳನ್ನು ಪೂರ್ತಿಯಾಗಿ ಬಿಡಿಸುವುದು, ಜೀವಂತ ಸಿಕ್ಕ ದೊಡ್ಡ ಹೆಣ್ಣನ್ನು ಮರಳಿ ಬಿಟ್ಟವರಿಗೆ ಅದರ ಬೆಲೆ ಸರ್ಕಾರದಿಂದ ಕೊಡಿಸುವುದು, ಕಾವಲಿನ ಕೆಲಸವನ್ನೂ ಅವರಿಗೇ ವಹಿಸುವುದು. ಕೆರೆ, ಜಲಾಶಯಗಳಿಗೆ ಮರಿ ಬಿಡಲು ವರ್ಷವರ್ಷ ಹಣ ಹೋಗುತ್ತದೆ. ತಾನಾಗಿ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಿಗೆ ಆ ಹಣದಲ್ಲಿ ಒಂದು ಪಾಲು ಹೋದರೆ ಖಜಾನೆಗೆ ನಷ್ಟವಿಲ್ಲ.

ಮಡು ಬಿಡುವುದು ನಮ್ಮ ನಾಡಿಗೆ ಹೊಸತಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನನ್ನು ಯಾರೂ ಹಿಡಿಯುವುದಿಲ್ಲ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೀನು ದೇವರ ಮೀನು. ಅಲ್ಲಿ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಕೊಂದಾಗ ಊರಿನವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದರು. ದೇವರ ಹೆಸರಿನಲ್ಲಿ ಕಾದದ್ದು ವಿಚಾರದ ಎದುರು ನಿಲ್ಲುವುದಿಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ತೋರುವುದಿಲ್ಲ. ಜೀವಶಾಸ್ತ್ರ ಈಗ ಹೇಳುವುದನ್ನು ಆ ಊರುಗಳು ಮೊದಲೇ ನಡೆಸಿಕೊಂಡು ಬಂದಿವೆ. ಎರಡು ಮಾತಿನ ಕಾರಣ ಬೇರೆ, ಕೆಲಸ ಒಂದೇ. ಭೀಮೆಗೂ ಅಂಥ ಜಾಗಗಳಿವೆ. ಘತ್ತರಗಿಯ ಭಾಗ್ಯವಂತಿಯ ಬಳಿ, ಆಳಂದದ ಕಡೆಯಿಂದ ಬರುವ ಅಮರ್ಜಾ ಭೀಮೆಯನ್ನು ಸೇರುವ ಗಾಣಗಾಪುರದ ಸಂಗಮದಲ್ಲಿ ಜನ ನೀರಿಗೆ ಕೈಮುಗಿದೇ ಇಳಿಯುತ್ತಾರೆ. ಅಲ್ಲಿನ ಆಳದ ನೀರನ್ನು ಮೀನಿಗೆ ಬಿಡಿ ಎಂದರೆ ವಿರೋಧ ಬಾರದು. ಕಷ್ಟವಿರುವುದು ನೀರಿನ ಮಾತಿನಲ್ಲಿ. ಉಜನಿ ಅಣೆಕಟ್ಟೆಯಿಂದ ಎಷ್ಟು ಬಿಡಬೇಕು, ಸೊನ್ನ ಬ್ಯಾರೇಜಿನಲ್ಲಿ ಎಷ್ಟು ತಡೆಯಬೇಕು ಎಂಬ ಜಗಳದಲ್ಲಿ ಕಬ್ಬಿಗೂ ಊರಿನ ನಲ್ಲಿಗೂ ಪಾಲು ಕೇಳುವವರಿದ್ದಾರೆ. ಬೇಸಿಗೆ ಮುಗಿಯುವವರೆಗೆ ಆ ಎರಡು ಮೂರು ಮಡುಗಳು ಬತ್ತದಂತೆ ಇಷ್ಟು ನೀರು ಎಂದು ಯಾವ ಸಭೆಯಲ್ಲೂ ಬರೆಸಿದವರಿಲ್ಲ. ಬರುವ ಬೇಸಿಗೆಗೆ ಗೇಟು ಇಳಿಸುವ ಮೊದಲು ಆ ಸಾಲೊಂದನ್ನು ಬರೆಸಬೇಕು, ಬರೆಸುವ ಸಭೆಯಲ್ಲಿ ಬಲೆ ಹಾಕುವವರಿಗೂ ಕುರ್ಚಿ ಇರಬೇಕು.