ಕೆಟ್ಟ ಬಿಯರಿನ ಋಣ

ಅದು ರುಚಿಯಾಗಿರಲಿಲ್ಲ. ಮೊದಲು ಇದನ್ನು ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಗುಂಪಿನಲ್ಲಿ ಈಗ ಅದನ್ನು ನೆನೆದು ಕಣ್ಣು ಮುಚ್ಚಿಕೊಳ್ಳುವವರು ಜಾಸ್ತಿಯಾಗಿದ್ದಾರೆ. 1999ರ ಸುಮಾರಿಗೆ ದಾವಣಗೆರೆಯಲ್ಲಿ ಓದುವಾಗ ನಾವು ನಾಲ್ವರು ರೂಮಿನಲ್ಲಿ ಕುಡಿಯುತ್ತಿದ್ದ ಆ ಸ್ಟ್ರಾಂಗ್ ಬಿಯರು (ಹೆಸರು ಬೇಡ ಬಿಡಿ) ತುಕ್ಕು ಹಿಡಿದ ತಗಡು ನೆಕ್ಕಿದ ಹಾಗೆ ಶುರುವಾಗಿ ಹುಳಿ ಬಂದ ಗಂಜಿಯ ಹಾಗೆ ಮುಗಿಯುತ್ತಿತ್ತು. ನಾಲ್ಕೂ ಜೇಬಿನ ಚಿಲ್ಲರೆ ಕೂಡಿಸಿದರೆ ಎರಡು ಬಾಟ್ಲಿ. ಕೋಲ್ಡ್ ಬೇಕಂದ್ರೆ ಅಂಗಡಿಯವನು ಮೇಲೆ ಕೂಲಿಂಗ್ ಚಾರ್ಜ್ ಕೇಳುತ್ತಿದ್ದ. ಅದು ನಮಗೆ ಆಗದ ಮಾತು. ಬೆಚ್ಚಗಿನದನ್ನೇ ತಂದು, ಒದ್ದೆ ಟವೆಲ್ ಸುತ್ತಿ ಕಿಟಕಿಯಲ್ಲಿಡುತ್ತಿದ್ದೆವು. ತಣ್ಣಗಿದ್ದರೆ ನಾಲಿಗೆಗೆ ಅರ್ಧ ರುಚಿಯೇ ತಿಳಿಯುವುದಿಲ್ಲ. ಕೆಟ್ಟ ಬಿಯರನ್ನು ಕಾಪಾಡುವುದೇ ಐಸು. ನಮಗೆ ಆ ರಕ್ಷಣೆಯೂ ಇರಲಿಲ್ಲ.

ಇನ್ನು ಗ್ಲಿಸರಿನ್ ತೆಗೆಯುವ ಪೂಜೆ. ಬಿಯರಿಗೆ ಕಂಪನಿಯವರು ಗ್ಲಿಸರಿನ್ ಹಾಕಿರ್ತಾರೆ, ತಲೆನೋವು ಬರೋದು ಅದರಿಂದಲೇ ಅಂತ ಆಗ ಎಲ್ಲರೂ ನಂಬಿದ್ದರು. ಈಗಲೂ ನಂಬುವವರಿದ್ದಾರೆ. ಬಾಟ್ಲಿ ಬಾಯಿಗೆ ಬೆರಳಿಟ್ಟು, ನೀರಿನ ಜಗ್ಗಿನಲ್ಲಿ ತಲೆಕೆಳಗು ಮಾಡಿ ಬೆರಳು ತೆಗೆದರೆ ಎಣ್ಣೆಯಂಥದೊಂದು ಎಳೆ ಇಳಿಯುವುದು ಕಾಣುತ್ತದೆ. "ನೋಡಲೇ, ಹೊಂಟ್ತು ವಿಷ" ಅಂತ ಕ್ಯಾಪ್ಟನ್ ಘೋಷಿಸುತ್ತಿದ್ದ. ಇಳಿಯುತ್ತಿದ್ದುದು ಬಿಯರೇ. ಅದು ನೀರಿಗಿಂತ ಚೂರು ಭಾರ. ಅದು ಇಳಿದಷ್ಟು ನೀರು ಒಳಗೆ ಹೋಗುತ್ತಿತ್ತು. ಅಂದರೆ ನಾವು ಕಾಸು ಕೊಟ್ಟು ತಂದ ಬಿಯರಿಗೆ ನಾವೇ ನಲ್ಲಿ ನೀರು ಬೆರೆಸಿ, ಶುದ್ಧಿ ಮಾಡಿದೆವು ಅಂದುಕೊಂಡು, ಮಂಡಕ್ಕಿ ಮೆಣಸಿನಕಾಯಿ ಜೊತೆ ಕುಡಿಯುತ್ತಿದ್ದೆವು.

ಕ್ಯಾಪ್ಟನ್ ಅಂದರೆ ನಮ್ಮ ನಾಲ್ವರಲ್ಲಿ ಒಬ್ಬ. ಕ್ರಿಕೆಟ್ಟಿನಲ್ಲಿ ಅಲ್ಲ, ಖರ್ಚಿನಲ್ಲಿ ಕ್ಯಾಪ್ಟನ್. ಕಡಿಮೆ ಬಿದ್ದ ಕಾಸನ್ನು ಯಾವಾಗಲೂ ಅವನೇ ತುಂಬುತ್ತಿದ್ದ. ಅವನ ನಾಲಿಗೆಯೂ ನಮ್ಮೆಲ್ಲರಿಗಿಂತ ಚುರುಕು. ಮೊದಲ ಗುಟುಕಿಗೇ "ಇದ್ರಾಗೆ ಬಟ್ಟೆ ಹಿಂಡಿದ ನೀರಿನ ವಾಸನೆ ಐತಿ" ಅನ್ನುತ್ತಿದ್ದ. ಬಿಸಿಲಿಗಿಟ್ಟ ಬಿಯರು ನಾರುತ್ತದೆ ಅಂತ ಅವನು ಹೇಳಿದಾಗ ನಾವು ನಕ್ಕಿದ್ದೆವು. ನಿಜವಂತೆ. ಬೆಳಕು ಬಿದ್ದರೆ ಬಿಯರಿಗೆ ಕಹಿ ಕೊಡುವ ಹಾಪ್ಸಿನ ಅಂಶ ಒಡೆದು ಗಂಧಕದ ವಾಸನೆ ಹುಟ್ಟುತ್ತದೆ, ಬಾಟ್ಲಿಗಳು ಕಂದು ಬಣ್ಣದಲ್ಲಿರುವುದು ಅದಕ್ಕೇ.

ತತ್ವಜ್ಞಾನಿ ಡೇವಿಡ್ ಹ್ಯೂಮ್ 1757ರಲ್ಲಿ ರುಚಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲಿ ಡಾನ್ ಕ್ವಿಕ್ಸೋಟ್‌ನಿಂದ ತೆಗೆದ ಕತೆಯೊಂದಿದೆ. ಇಬ್ಬರಿಗೆ ಒಂದು ಪೀಪಾಯಿಯ ವೈನ್ ರುಚಿ ನೋಡಲು ಕೊಡುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ಚೂರು ತೊಗಲಿನ ವಾಸನೆ ಅನ್ನುತ್ತಾನೆ. ಇನ್ನೊಬ್ಬ, ಅಲ್ಲ, ಕಬ್ಬಿಣದ್ದು ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಪೀಪಾಯಿ ಖಾಲಿಯಾದ ಮೇಲೆ ನೋಡಿದರೆ ತಳದಲ್ಲಿ ತೊಗಲಿನ ದಾರ ಕಟ್ಟಿದ ಹಳೆಯ ಕೀಲಿಕೈ. ರುಚಿ ಅನ್ನೋದು ಅವರವರ ಇಷ್ಟ, ಅದರಲ್ಲಿ ಸರಿ ತಪ್ಪು ಇಲ್ಲ ಅನ್ನುವವರಿಗೆ ಹ್ಯೂಮನ ಉತ್ತರ ಇದು. ಕೆಲವರ ನಾಲಿಗೆಗೆ ನಿಜವಾಗಿಯೂ ಇರುವುದು ಸಿಗುತ್ತದೆ.

ಎರಡು ವರ್ಷದ ಹಿಂದೆ ನಾವು ಮೂವರು ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಸೇರಿದ್ದೆವು. ಒಂದು ಮಗ್ಗಿನ ಬೆಲೆಯಲ್ಲಿ ಆಗ ನಮ್ಮ ರೂಮಿನ ಒಂದು ತಿಂಗಳ ಬಾಡಿಗೆ ಆಗುತ್ತಿತ್ತು. ಕಿತ್ತಳೆ ಸಿಪ್ಪೆ ಹಾಕಿದ್ದು, ಕಾಫಿ ಹಾಕಿದ್ದು ಅಂತ ಪುಟ್ಟ ಗ್ಲಾಸುಗಳಲ್ಲಿ ರುಚಿ ನೋಡಿದೆವು. ಕೊನೆಗೆ ಒಬ್ಬ ಮಗ್ ಎತ್ತಿ, "ಏನೇ ಹೇಳ್ರೋ, ಆ ದರಿದ್ರ ಬಿಯರಿನ ಮಜಾ ಇದ್ರಲ್ಲಿಲ್ಲ" ಅಂದ. ನಾವೂ ಹೌದೌದು ಅಂದೆವು. ನನಗೆ ಆಗಲೇ ಕ್ಯಾಪ್ಟನ್ನನ್ನು ನೋಡಬೇಕು ಅನ್ನಿಸಿ, ಮುಂದಿನ ಭಾನುವಾರ ಅದೇ ಬ್ರಾಂಡಿನ ಎರಡು ಬಾಟ್ಲಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೊರಟೆ. ತಮಾಷೆಗೆ.

ಅವನ ಊರು ಹರಿಹರದ ಹತ್ತಿರ. ಬಾಗಿಲಿಗೆ ಬಂದದ್ದು ಅವನ ಅವ್ವ. "ಬಾರಪ್ಪ, ಎಷ್ಟು ವರ್ಷ ಆತು" ಅಂತ ಕೂರಿಸಿ, ಚಾ ಇಟ್ಟು, ಅವನು ಹೊಲದಿಂದ ಬರುವಷ್ಟರಲ್ಲಿ ಎಲ್ಲ ಹೇಳಿದರು. ಕೆಲಸ ಬಿಟ್ಟಿದ್ದು, ಹೆಂಡತಿ ಮಕ್ಕಳನ್ನು ಕರಕೊಂಡು ತವರಿಗೆ ಹೋಗಿದ್ದು, ಎರಡು ಸಲ ಆಸ್ಪತ್ರೆ ಸೇರಿದ್ದು. "ಈಗ ಎಂಟು ತಿಂಗಳಾತು ಮುಟ್ಟಿಲ್ಲ. ನೀವೆಲ್ಲ ಗೆಳೆಯರು ಆಗಾಗ ಬಂದು ಹೋಗ್ತಿರ್ರಿ, ಚಲೋ ಆಕ್ಕತಿ." ನನ್ನ ಕಾರಿನ ಕೀ ನನ್ನ ಮುಷ್ಟಿಯಲ್ಲೇ ಇತ್ತು.

ಅವನು ಬಂದ. ತೆಳ್ಳಗಾಗಿದ್ದ. ಹಳೆಯದೆಲ್ಲ ಮಾತಾಡಿದೆವು, ಗ್ಲಿಸರಿನ್ ಕತೆಯನ್ನೂ. ನಕ್ಕ. ಆಮೇಲೆ ಅವನೇ ಲೆಕ್ಕ ಹೇಳಿದ: "650 ಎಂಎಲ್ ಬಿಯರು, ನೂರಕ್ಕೆ ಎಂಟು ಅಂದ್ರೂ 52 ಎಂಎಲ್ ಆಲ್ಕೋಹಾಲು. 180ರ ವಿಸ್ಕಿ ಪ್ಯಾಕೆಟ್ಟಿನಾಗೆ 77. ಅದೂ ಕಡಿಮೆ ರೇಟಿಗೆ. ಇದು ಗೊತ್ತಾದ ದಿನ ನಾನು ಬಿಯರು ಬಿಟ್ಟೆ ನೋಡು." 2007ರಲ್ಲಿ ಸಾರಾಯಿ ನಿಂತ ಮೇಲೆ ಅವನ ಊರಿನ ಕೂಲಿಯವರೂ ಆ ಪ್ಯಾಕೆಟ್ಟಿಗೇ ಬಂದಿದ್ದರಂತೆ. "ನಿಮಗೆ ಆ ಬಿಯರಿನ ರುಚಿ ನೆನಪೈತೇನಲೇ? ನನಗೆ ರುಚಿ ನೆನಪಿಲ್ಲ. ಎಷ್ಟೊತ್ತಿಗೆ ಏರ್ತಿತ್ತು ಅನ್ನೋದು ನೆನಪೈತಿ."

ನಾನು ಯೋಚಿಸುತ್ತಿರುವುದು ಇದನ್ನೇ. ಕುಡಿತದ ಬಗ್ಗೆ ಉಪದೇಶ ಮಾಡುವವನು ನಾನಲ್ಲ. ಈಗಲೂ ಕುಡೀತೀನಿ. ಆ ರೂಮಿನ ಸಂತೋಷ ಸುಳ್ಳು ಅಂತಲೂ ಹೇಳಲಾರೆ. ಹಾಸ್ಟೆಲ್ಲಿನ ನೀರು ಸಾರನ್ನೂ ಎಲ್ಲರೂ ಹೀಗೇ ನೆನೆಯುತ್ತಾರೆ, ಅದರಲ್ಲೇನು ತಪ್ಪು ಅಂತ ನನ್ನ ಹೆಂಡತಿ ಕೇಳಿದಳು. ತಪ್ಪಿಲ್ಲ. ಆದರೆ ಆ ಸಾರು ಯಾರನ್ನೂ ಹಿಡಿದುಕೊಳ್ಳಲಿಲ್ಲ. ಎಲ್ಲರೂ ತಟ್ಟೆ ತೊಳೆದು ಎದ್ದು ಬಂದೆವು. ಈ ಬಿಯರಿನಿಂದ ಮೂವರು ಎದ್ದು ಬಂದೆವು, ಒಬ್ಬ ಬರಲಿಲ್ಲ. ಎದ್ದು ಬಂದ ಮೂವರು ಸೇರಿ ಅದನ್ನು ಮಜಾ ಅಂತ ತೀರ್ಮಾನ ಮಾಡಿಕೊಂಡಿದ್ದೇವೆ. ಕೆಟ್ಟದ್ದನ್ನು ಕೆಟ್ಟದ್ದು ಅಂತ ನಕ್ಕು ಮೆಚ್ಚಬೇಕಾದರೆ ಕೈಯಲ್ಲಿ ಈಗ ಒಳ್ಳೆಯದಿರಬೇಕು. ಬಡತನದ ಕತೆ ಹೇಳಿ ಚಪ್ಪಾಳೆ ಗಿಟ್ಟಿಸುವವರಲ್ಲೂ ಇದೇ ಚಾಳಿ ಕಂಡಿದ್ದೇನೆ, ನನ್ನನ್ನೂ ಸೇರಿಸಿ. ನಮ್ಮ ಸವಿನೆನಪಿಗೆ ಅವನ ಒಪ್ಪಿಗೆ ಬೇಕಿತ್ತೇ? ನೆನಪಿಗೆ ಒಪ್ಪಿಗೆ ಕೇಳುವುದು ಹುಚ್ಚುತನ ಅನ್ನಿಸುತ್ತದೆ. ಆದರೂ ಅವತ್ತು ಮಗ್ ಎತ್ತಿದಾಗ ಅವನ ಪಾಲಿನದನ್ನೂ ನಾವೇ ಕುಡಿದುಬಿಟ್ಟೆವಲ್ಲ ಅನ್ನುವುದು ಗಂಟಲಲ್ಲಿ ಉಳಿದಿದೆ.

ಇನ್ನೊಂದು ಇದೆ, ಇದು ಹೆಚ್ಚು ಕಷ್ಟದ್ದು. ಕಾಸು ಕಡಿಮೆ ಬಿದ್ದಾಗ ತುಂಬುತ್ತಿದ್ದವನು ಅವನು ಅಂದೆನಲ್ಲ. ನಾವು ಸಾಕು ಅಂದಾಗಲೂ ಮೂರನೇ ಬಾಟ್ಲಿ ತರುತ್ತಿದ್ದವನೂ ಅವನೇ. ಆಗ ಅದನ್ನು ಧಾರಾಳತನ ಅಂದುಕೊಂಡಿದ್ದೆವು. ಇವನು ನಮಗಿಂತ ಬೇರೆ ಕಾರಣಕ್ಕೆ ಕುಡೀತಿದ್ದಾನೆ ಅಂತ ಆಗಲೇ ಗೊತ್ತಿತ್ತೇ? ಗೊತ್ತಿರಲಿಲ್ಲ ಅಂತ ಸಲೀಸಾಗಿ ಹೇಳಬಹುದು. ಒಂದು ಬೆಳಿಗ್ಗೆ ಏಳು ಗಂಟೆಗೆ, ರಾತ್ರಿ ಉಳಿದಿದ್ದ, ನೊರೆ ಸತ್ತ ಬಿಯರನ್ನು ಅವನು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದದ್ದನ್ನು ನಾನು ಹೊದಿಕೆಯೊಳಗಿಂದ ನೋಡಿದ್ದೇನೆ. ಏನೂ ಅನ್ನದೆ ಮಗ್ಗುಲು ಬದಲಿಸಿದೆ. ಎದ್ದು ಕೇಳಿದ್ದರೆ "ಕುಡೀಲೇ ಸುಮ್ನೆ" ಅಂತಿದ್ದನೇನೋ. ಇಪ್ಪತ್ತರ ಹುಡುಗನಿಗೆ ಅಷ್ಟು ತಿಳಿಯಬೇಕಿತ್ತು ಅನ್ನುವುದು ಅತಿಯಾಯಿತು. ಹಾಗಂತ ನಾನು ನೋಡಲೇ ಇಲ್ಲ ಅನ್ನುವಂತಿಲ್ಲ.

ವಾಪಸ್ ಬರುವಾಗ ಚಿತ್ರದುರ್ಗದ ಬಿಸಿಲಿಗೆ ಡಿಕ್ಕಿ ಕಾದಿತ್ತು. ರಾತ್ರಿ ಮನೆಯಲ್ಲಿ ಒಂದು ಬಾಟ್ಲಿ ತೆಗೆದು, ಐಸು ಹಾಕದೆ, ಲೋಟಕ್ಕೆ ಬಗ್ಗಿಸಿ ಕುಡಿದೆ. ತುಕ್ಕು, ಗಂಜಿ, ಮತ್ತೆ ಅವನು ಹೇಳುತ್ತಿದ್ದ ಬಟ್ಟೆ ಹಿಂಡಿದ ನೀರು. ಅದು ನನಗೆ ಸಿಕ್ಕಿದ್ದು ಅದೇ ಮೊದಲು. ಎರಡು ಗುಟುಕಾದ ಮೇಲೆ ಉಳಿದದ್ದನ್ನೂ ಇನ್ನೊಂದು ಬಾಟ್ಲಿಯನ್ನೂ ಸಿಂಕಿಗೆ ಸುರಿದೆ. ಬೆಳಿಗ್ಗೆ ಅವನಿಗೆ ಫೋನ್ ಮಾಡಿ, ಮುಂದಿನ ತಿಂಗಳು ಮತ್ತೆ ಬರ್ತೀನಿ ಅಂದೆ. "ಬಾರಲೇ, ಬೆಣ್ಣೆ ದೋಸೆ ತಿನ್ನಾಕ ಹೋಗೋಣ" ಅಂದ.